ಯಕೃತ್ತಿನ ಅರ್ಬುದ: ಸೂಜಿ ಚಿಕಿತ್ಸೆಯ ಅನಂತರ ನಂಜಿನಿಂದ ರಕ್ಷಣೆ

ಯಕೃತ್ತಿನಲ್ಲಿ ಅರ್ಬುದವೆಂದರೆ ಆಸೆ ಬಿಟ್ಟಂತೆಯೇ ಎಂದು ಜನ ನಂಬಿದ್ದ ಕಾಲವೊಂದಿತ್ತು. ಹೊಟ್ಟೆಯನ್ನು ತೆರೆದು ಗಡ್ಡೆಯನ್ನು ಕತ್ತರಿಸಿ ತೆಗೆಯುವುದೊಂದೇ ಆಗ ಇದ್ದ ದಾರಿ. ಆ ದಾರಿಯೂ ಕೆಲವರಿಗೆ ಮಾತ್ರ ತೆರೆದಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ಚರ್ಮದಲ್ಲಿ ಅಕ್ಕಿಕಾಳಿನಷ್ಟು ರಂಧ್ರ ಮಾಡಿ, ಸೂಜಿಯನ್ನೋ ಕೂದಲೆಳೆಯಂಥ ನಳಿಕೆಯನ್ನೋ ಒಳಕ್ಕೆ ಕಳುಹಿಸಿ, ಗಡ್ಡೆಯನ್ನು ಇದ್ದಲ್ಲಿಯೇ ನಾಶಪಡಿಸುವ ವಿಧಾನಗಳು ಬಳಕೆಗೆ ಬಂದಿವೆ. ರೋಗಿ ಎರಡು ಮೂರು ದಿನಗಳಲ್ಲಿ ಮನೆಗೆ ಮರಳುತ್ತಾನೆ.

ದೇಹೂ ರೋಡಿನಂಥ ಊರಿನ ಜನರಿಗೆ ಇದು ದೊಡ್ಡ ಅನುಕೂಲವೇ ಸರಿ. ಸೇನಾ ಡಿಪೋಗಳಲ್ಲಿ ದುಡಿದು ನಿವೃತ್ತರಾದವರು, ಹೋಟೆಲು ಉದ್ಯಮದವರು, ಪಿಂಪರಿ–ಚಿಂಚವಾಡದ ಕಾರ್ಖಾನೆಗಳಿಗೆ ದಿನವೂ ಲೋಕಲ್ ಗಾಡಿಯಲ್ಲಿ ಹೋಗಿಬರುವವರು, ಇವರಿಗೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗುವ ಸೌಕರ್ಯವಿಲ್ಲ. ಆದರೆ ಈ ಅನುಕೂಲದ ಬೆನ್ನಿಗೇ ಒಂದು ಹೊಣೆಯೂ ಬಂದಿದೆ. ಹಿಂದೆ ಚಿಕಿತ್ಸೆಯ ಅನಂತರ ಜ್ವರ ಬಂದರೆ ರೋಗಿ ವಾರ್ಡಿನಲ್ಲಿಯೇ ಇರುತ್ತಿದ್ದ. ನರ್ಸಮ್ಮ ಬಂದು ನೋಡುತ್ತಿದ್ದಳು. ಈಗ ಅದೇ ಜ್ವರ ಎರಡನೆಯ ವಾರದಲ್ಲೋ ಮೂರನೆಯ ವಾರದಲ್ಲೋ, ಮನೆಯಲ್ಲಿ, ನಡುರಾತ್ರಿಯಲ್ಲಿ ಬರುತ್ತದೆ. ಅದನ್ನು ಗುರುತಿಸಬೇಕಾದವರು ಮನೆಯವರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗದಿರಲು, ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಲೇಸು.

ಯಕೃತ್ತಿಗೆ ಎರಡು ಕಾಲುವೆಗಳು

ಯಕೃತ್ತಿಗೆ ಒಂದು ವೈಶಿಷ್ಟ್ಯವಿದೆ. ಅದಕ್ಕೆ ರಕ್ತ ಎರಡು ಮಾರ್ಗಗಳಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ರಕ್ತ ಕರುಳಿನಿಂದ ದ್ವಾರಾಭಿಧಮನಿಯ ಮೂಲಕ ಬಂದರೆ, ಉಳಿದ ಕಾಲು ಪಾಲು ಹೃದಯದ ಕಡೆಯಿಂದ ಯಕೃತ್ತಿನ ಅಪಧಮನಿಯ ಮೂಲಕ ಬರುತ್ತದೆ. ಆರೋಗ್ಯವಂತ ಯಕೃತ್ತಿನ ಕಣಗಳು ಹೆಚ್ಚಾಗಿ ಮೊದಲನೆಯ ಕಾಲುವೆಯನ್ನೇ ನೆಚ್ಚಿಕೊಂಡಿವೆ. ಅರ್ಬುದದ ಗಡ್ಡೆಯಾದರೋ ಬಹುಮಟ್ಟಿಗೆ ಎರಡನೆಯದರಿಂದಲೇ ನೀರು ಕುಡಿದು ಬೆಳೆಯುತ್ತದೆ. ಈ ವ್ಯತ್ಯಾಸವೇ ಆಧುನಿಕ ಚಿಕಿತ್ಸೆಯ ಕೀಲಿಕೈ.

ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ 1953ರಲ್ಲಿ ರಕ್ತನಾಳದೊಳಕ್ಕೆ ಸೂಜಿ ಹಾಗೂ ತಂತಿಯ ನೆರವಿನಿಂದ ನಳಿಕೆಯನ್ನು ಸುರಕ್ಷಿತವಾಗಿ ತೂರಿಸುವ ಉಪಾಯವನ್ನು ಪ್ರಕಟಿಸಿದನು. 1970ರ ದಶಕದಲ್ಲಿ ಫ್ರಾನ್ಸ್ ಮತ್ತು ಜಪಾನಿನ ವೈದ್ಯರು ಇದೇ ದಾರಿಯಲ್ಲಿ ಯಕೃತ್ತಿನ ಅಪಧಮನಿಯನ್ನು ತಲಪಿ, ಗಡ್ಡೆಗೆ ಹೋಗುವ ಕವಲನ್ನು ಮುಚ್ಚುವ ಪ್ರಯೋಗಗಳನ್ನು ನಡೆಸಿದರು. ತೊಡೆಯ ಸಂದಿನಿಂದಲೋ ಮಣಿಕಟ್ಟಿನಿಂದಲೋ ನಳಿಕೆಯನ್ನು ಕಳುಹಿಸಿ, ಅರ್ಬುದನಾಶಕ ಔಷಧವನ್ನು ಗಡ್ಡೆಗೇ ಸುರಿದು, ಬಳಿಕ ಆ ಕವಲಿಗೆ ಬಿರಡೆ ಹಾಕುವ ಈ ಕ್ರಮವನ್ನು ವೈದ್ಯರು ‘ಟೇಸ್’ ಎಂದು ಕರೆಯುತ್ತಾರೆ. ಇದರಿಂದ ಆಯ್ದ ರೋಗಿಗಳ ಆಯುಷ್ಯ ವೃದ್ಧಿಸುತ್ತದೆಂದು ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗುಗಳಿಂದ 2002ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿಕೊಟ್ಟವು.

ಇನ್ನೊಂದು ವಿಧಾನ ಸುಡುವುದು. ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಯಂತ್ರದಲ್ಲಿ ನೋಡುತ್ತ ಚರ್ಮದ ಮೂಲಕ ಸೂಜಿಯನ್ನು ಗಡ್ಡೆಯ ನಡುವಿಗೆ ಚುಚ್ಚಿ, ರೇಡಿಯೋ ತರಂಗ ಅಥವಾ ಮೈಕ್ರೋವೇವ್ ಶಕ್ತಿಯಿಂದ ಅಲ್ಲಿ 60 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕ ಕಾವನ್ನು ಉಂಟುಮಾಡುತ್ತಾರೆ. ಕೋಳಿಮೊಟ್ಟೆಯ ಬಿಳಿಭಾಗ ಬಿಸಿನೀರಿನಲ್ಲಿ ಗಟ್ಟಿಯಾಗುವಂತೆ ಅಲ್ಲಿಯ ಜೀವಕಣಗಳು ಬೆಂದು ಸಾಯುತ್ತವೆ. ಸಾಮಾನ್ಯವಾಗಿ 3 ಸೆಂಟಿಮೀಟರಿನೊಳಗಿನ, ಸಂಖ್ಯೆಯಲ್ಲಿ ಮೂರನ್ನು ಮೀರದ ಗಡ್ಡೆಗಳಿಗೆ ಈ ಕ್ರಮ ಹೆಚ್ಚು ಒಪ್ಪುತ್ತದೆ.

ಕೀವು ಎಲ್ಲಿಂದ ಬರುತ್ತದೆ?

ಈ ಎರಡು ವಿಧಾನಗಳಲ್ಲಿಯೂ ಒಂದು ಸಮಾನ ಅಂಶವಿದೆ. ಗಡ್ಡೆ ಸಾಯುತ್ತದೆ, ಆದರೆ ಹೊರಕ್ಕೆ ಬರುವುದಿಲ್ಲ. ಸತ್ತ ಮಾಂಸ ಯಕೃತ್ತಿನೊಳಗೇ ಉಳಿದು, ತಿಂಗಳುಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಕುಗ್ಗಬೇಕು. ಸತ್ತ ಮಾಂಸಕ್ಕೆ ರಕ್ತಸಂಚಾರವಿಲ್ಲ. ರಕ್ತ ಹೋಗದ ಕಡೆಗೆ ದೇಹರಕ್ಷಕವಾದ ಬಿಳಿಯ ರಕ್ತಕಣಗಳೂ ಹೋಗಲಾರವು, ನುಂಗಿದ ಔಷಧವೂ ಹೋಗಲಾರದು. ಅಂಥ ಕಡೆ ಒಂದೆರಡು ರೋಗಾಣುಗಳು ಸೇರಿಕೊಂಡರೆ ಅವುಗಳಿಗೆ ಕಾವಲಿಲ್ಲದ ಕಣಜ ಸಿಕ್ಕಂತಾಯಿತು. ಅವು ಬೆಳೆದು ಕೀವಿನ ಬಾವು ಉಂಟಾಗುತ್ತದೆ. ಇದೇ ಈ ಚಿಕಿತ್ಸೆಗಳ ಅನಂತರ ಬರಬಹುದಾದ ಮುಖ್ಯ ನಂಜು.

ರೋಗಾಣುಗಳು ಹೊರಗಿನಿಂದಲೇ ಬರಬೇಕೆಂದಿಲ್ಲ. ಚರ್ಮದ ಮೇಲಿನವು ಸೂಜಿಯೊಡನೆ ಒಳಹೊಗುವುದುಂಟಾದರೂ, ಹೆಚ್ಚಿನವು ರೋಗಿಯ ಕರುಳಿನಿಂದಲೇ ಬರುತ್ತವೆ. ಈ.ಕೋಲೈ, ಕ್ಲೆಬ್ಸಿಯೆಲ್ಲಾ, ಎಂಟೆರೋಕಾಕಸ್ ಮುಂತಾದವು ಕರುಳಿನ ಖಾಯಂ ನಿವಾಸಿಗಳು. ಅಲ್ಲಿರುವವರೆಗೆ ಅವುಗಳಿಂದ ತೊಂದರೆಯಿಲ್ಲ. ಯಕೃತ್ತಿನಿಂದ ಪಿತ್ತರಸವನ್ನು ಕರುಳಿಗೆ ಒಯ್ಯುವ ನಾಳದ ತುದಿಯಲ್ಲಿ ಮಾಂಸದ ಉಂಗುರದಂಥ ಒಂದು ಬಾಗಿಲಿದೆ. ಇಟಲಿಯ ರುಗೇರೊ ಓಡ್ಡಿ ಎಂಬಾತ 1887ರಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಈ ಬಾಗಿಲು ಪಿತ್ತವನ್ನು ಕೆಳಗೆ ಬಿಡುತ್ತದೆ. ಕರುಳಿನ ರೋಗಾಣುಗಳನ್ನು ಮೇಲಕ್ಕೆ ಬಿಡುವುದಿಲ್ಲ.

ಯಾವ ಕಾರಣದಿಂದಾದರೂ ಈ ಬಾಗಿಲು ಕೆಟ್ಟಿದ್ದರೆ ಅಪಾಯ ಅಲ್ಲಿಂದಲೇ ಆರಂಭವಾಗುತ್ತದೆ. ಅಪಧಮನಿಯನ್ನು ಮುಚ್ಚುವ ಚಿಕಿತ್ಸೆಯಲ್ಲಿ ಇನ್ನೂ ಒಂದು ತೊಡಕಿದೆ. ಪಿತ್ತನಾಳಗಳಿಗೆ ಕರುಳಿನ ಕಡೆಯ ರಕ್ತದ ಆಸರೆಯಿಲ್ಲ. ಅವು ಅಪಧಮನಿಯೊಂದನ್ನೇ ನಂಬಿ ಬದುಕುತ್ತವೆ. ಅದನ್ನು ಕಟ್ಟಿದಾಗ ಗಡ್ಡೆಯೊಡನೆ ಸುತ್ತಲಿನ ಸಣ್ಣ ಪಿತ್ತನಾಳಗಳೂ ಬಾಡಿ, ಒಡೆದು, ಪಿತ್ತ ಸೋರಿ ನಿಲ್ಲಬಹುದು. ನಿಂತ ನೀರು ಕೆಡುವಂತೆ ನಿಂತ ಪಿತ್ತವೂ ಕೆಡುತ್ತದೆ.

ಹೆಚ್ಚು ಎಚ್ಚರ ಯಾರಿಗೆ?

ಸಾಮಾನ್ಯ ರೋಗಿಗಳಲ್ಲಿ ಇಂಥ ಕೀವುಬಾವು ವಿರಳ. ನೂರಕ್ಕೆ ಒಬ್ಬಿಬ್ಬರನ್ನು ಮೀರುವುದಿಲ್ಲ. ಆದ್ದರಿಂದ ಹೆದರಿ ಚಿಕಿತ್ಸೆಯನ್ನೇ ಬೇಡವೆನ್ನುವುದು ಅವಿವೇಕ. ಆದರೆ ಕೆಲವರಲ್ಲಿ ಈ ಪ್ರಮಾಣ ಹಲವು ಪಟ್ಟು ಏರುತ್ತದೆ. ಹಿಂದೆ ಪಿತ್ತನಾಳವನ್ನು ಕರುಳಿಗೆ ನೇರವಾಗಿ ಜೋಡಿಸುವ ಶಸ್ತ್ರಕ್ರಿಯೆಗೆ ಒಳಗಾದವರು, ಪಿತ್ತನಾಳದಲ್ಲಿ ಸ್ಟೆಂಟ್ ಇರಿಸಿಕೊಂಡವರು, ಕಲ್ಲು ತೆಗೆಯಲೆಂದು ಎಂಡೋಸ್ಕೋಪಿಯಲ್ಲಿ ಆ ಮಾಂಸದ ಬಾಗಿಲನ್ನು ಕೊಯ್ಯಿಸಿಕೊಂಡವರು ಮೊದಲನೆಯ ಸಾಲಿನಲ್ಲಿ ನಿಲ್ಲುತ್ತಾರೆ. ಮಧುಮೇಹ ಹತೋಟಿಯಲ್ಲಿಲ್ಲದವರು, ಪಿತ್ತನಾಳ ಹಿಗ್ಗಿರುವವರು ಅವರ ಹಿಂದಿನವರು.

ಇಲ್ಲಿ ಒಂದು ಮಾತನ್ನು ಒತ್ತಿಹೇಳಬೇಕಾಗಿದೆ. ವಲಸೆ ಬಂದವರ ವೈದ್ಯಕೀಯ ಚರಿತ್ರೆ ಹಲವು ಊರುಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಹತ್ತು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಸೊಲ್ಲಾಪುರದಲ್ಲೋ ಆದ ‘ಕಲ್ಲಿನ ಆಪರೇಷನ್’ ಇಂದಿನ ಪುಣೆಯ ವೈದ್ಯರಿಗೆ ಗೊತ್ತಿರುವುದಿಲ್ಲ. ರೋಗಿಯೂ ಅದನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ಆ ಹಳೆಯ ಕಾಗದವೇ ಚಿಕಿತ್ಸೆಯ ಕ್ರಮವನ್ನು ಬದಲಿಸಬಲ್ಲದು. ಊರಿನ ಪೆಟ್ಟಿಗೆಯಲ್ಲಿದ್ದರೆ ತರಿಸಿಕೊಂಡು ತೋರಿಸತಕ್ಕದ್ದು. ಕಾಗದ ಸಿಗದಿದ್ದರೆ ಬಾಯಲ್ಲಾದರೂ ಹೇಳತಕ್ಕದ್ದು.

ಚಿಕಿತ್ಸೆಗೆ ಮುನ್ನ

ನಂಜಿನ ತಡೆ ಆಸ್ಪತ್ರೆಗೆ ಸೇರುವ ಮೊದಲೇ ಪ್ರಾರಂಭವಾಗುತ್ತದೆ. ಸಕ್ಕರೆಯ ಮಟ್ಟ ಹತೋಟಿಗೆ ಬಂದಿರಬೇಕು. ಹಲ್ಲಿನ ಹುಣ್ಣು, ಕಾಲಿನ ಗಾಯ, ಮೂತ್ರದ ಉರಿ, ಇಂಥ ಯಾವ ಸೋಂಕಿದ್ದರೂ ಮುಚ್ಚಿಡದೆ ತಿಳಿಸಬೇಕು. ಅದು ವಾಸಿಯಾಗುವವರೆಗೆ ಚಿಕಿತ್ಸೆಯನ್ನು ಕೆಲವು ದಿನ ಮುಂದೂಡಿದರೆ ನಷ್ಟವಿಲ್ಲ. ಮದ್ಯಪಾನ, ಧೂಮಪಾನ, ತಂಬಾಕು ಪೂರ್ತಿಯಾಗಿ ನಿಲ್ಲಬೇಕು. ಹಿಂದಿನ ದಿನ ಸಾಬೂನಿನಿಂದ ಸ್ನಾನ ಮಾಡುವುದು ಒಳ್ಳೆಯದು. ಆದರೆ ಮನೆಯಲ್ಲಿ ಬ್ಲೇಡಿನಿಂದ ಹೊಟ್ಟೆಯನ್ನೋ ತೊಡೆಯನ್ನೋ ಕ್ಷೌರ ಮಾಡಿಕೊಳ್ಳಕೂಡದು. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣುಗಳು ನೆಲೆಸುತ್ತವೆ. ಅವಶ್ಯವಿದ್ದರೆ ಆಸ್ಪತ್ರೆಯವರೇ ಕತ್ತರಿ ಯಂತ್ರದಿಂದ ಕೂದಲನ್ನು ಮೋಟು ಮಾಡುತ್ತಾರೆ.

ಆಂಟಿಬಯಾಟಿಕ್ ಔಷಧದ ವಿಷಯದಲ್ಲಿ ಎಲ್ಲರಿಗೂ ಒಂದೇ ನಿಯಮವಿಲ್ಲ. ಕೆಲವು ವೈದ್ಯರು ಚಿಕಿತ್ಸೆಗೆ ಸುಮಾರು ಒಂದು ಗಂಟೆಯೊಳಗೆ ಒಂದು ಚುಚ್ಚುಮದ್ದನ್ನು ಕೊಟ್ಟು ನಿಲ್ಲಿಸುತ್ತಾರೆ. ಅಪಾಯ ಕಡಿಮೆಯಿರುವ ಕಡೆ ಅದೂ ಬೇಡವೆನ್ನುವವರಿದ್ದಾರೆ. ಪಿತ್ತನಾಳದ ಬಾಗಿಲು ಕೆಟ್ಟಿರುವವರಿಗೆ ಮಾತ್ರ ಮುಂಚಿತವಾಗಿಯೇ ಪ್ರಾರಂಭಿಸಿ, ಚಿಕಿತ್ಸೆಯ ಅನಂತರವೂ ಹೆಚ್ಚು ದಿನ ಕೊಡುವುದುಂಟು. ‘ಪಕ್ಕದ ಹಾಸಿಗೆಯವರಿಗೆ ಕೊಟ್ಟರು, ನಮಗೆ ಕೊಡಲಿಲ್ಲ’ ಎಂಬ ಅಸಮಾಧಾನ ಸಲ್ಲದು. ‘ನನ್ನ ಸ್ಥಿತಿಗೆ ಬೇಕೆ, ಬೇಡವೆ?’ ಎಂದು ಕೇಳುವ ಹಕ್ಕು ಮಾತ್ರ ಪ್ರತಿಯೊಬ್ಬ ರೋಗಿಗೂ ಇದೆ.

ಜ್ವರದಲ್ಲಿ ಎರಡು ಬಗೆ

ಮನೆಯವರಿಗೆ ಅತ್ಯಂತ ಗೊಂದಲವನ್ನುಂಟುಮಾಡುವುದು ಜ್ವರ. ಚಿಕಿತ್ಸೆಯ ಅನಂತರದ ಜ್ವರವೆಲ್ಲವೂ ನಂಜಲ್ಲ. ಗಡ್ಡೆ ಸಾಯುವಾಗ ಬಿಡುಗಡೆಯಾಗುವ ವಸ್ತುಗಳಿಂದ ಮೈ ಬೆಚ್ಚಗಾಗುವುದು, ಬಲಪಕ್ಕೆಯ ಕೆಳಗೆ ನೋವು, ವಾಕರಿಕೆ, ಸುಸ್ತು ಇವು ಅನೇಕರಲ್ಲಿ ಕಾಣುತ್ತವೆ. ಇವು ಮೊದಲ ಒಂದೆರಡು ದಿನಗಳಲ್ಲಿಯೇ ತೋರಿ, ದಿನೇ ದಿನೇ ಇಳಿಯುತ್ತ, ಸಾಮಾನ್ಯವಾಗಿ ಒಂದು ವಾರದೊಳಗೆ ಮಾಯವಾಗುತ್ತವೆ. ಇದು ಚಿಕಿತ್ಸೆ ನಾಟಿದುದರ ಪರಿಣಾಮವೇ ಹೊರತು ರೋಗಾಣುಗಳ ಕೆಲಸವಲ್ಲ.

ನಂಜಿನ ಜ್ವರದ ನಡೆ ಬೇರೆ. ಅದು ಇಳಿಯುವ ಬದಲು ಏರುತ್ತದೆ. ಅಥವಾ ಪೂರ್ತಿ ಬಿಟ್ಟು, ನಾಲ್ಕಾರು ದಿನ ಸುಮ್ಮನಿದ್ದು, ಮತ್ತೆ ಬರುತ್ತದೆ. ಹಲ್ಲು ಕಟಕಟಿಸುವ ನಡುಕ, ಬಳಿಕ ಬೆವರು, ಊಟ ಸೇರದಿರುವುದು ಅದರ ಲಕ್ಷಣಗಳು. ಕೀವುಬಾವು ಹೆಚ್ಚಾಗಿ ಚಿಕಿತ್ಸೆಯ ಅನಂತರದ ಒಂದರಿಂದ ನಾಲ್ಕು ವಾರಗಳಲ್ಲಿ ಪ್ರಕಟವಾಗುತ್ತದೆ. ಒಮ್ಮೊಮ್ಮೆ ಇನ್ನೂ ತಡವಾಗಿಯೂ ಬರಬಹುದು. ಇಳಿಯುತ್ತಿರುವ ಜ್ವರವನ್ನು ನೋಡುತ್ತಿರಬಹುದು. ಏರುತ್ತಿರುವ ಅಥವಾ ಮರಳಿ ಬಂದ ಜ್ವರವನ್ನು ನೋಡುತ್ತ ಕೂಡಲಾಗದು.

ಈ ಭೇದವನ್ನು ಅರಿಯಲು ಬೇಕಾಗುವ ಸಾಧನಗಳು ಎರಡೇ: ಒಂದು ಥರ್ಮಾಮೀಟರು, ಒಂದು ನೋಟುಬುಕ್ಕು. ಬೆಳಗ್ಗೆ ಮತ್ತು ಸಂಜೆ ಜ್ವರವನ್ನು ಅಳೆದು, ದಿನಾಂಕದೊಡನೆ ಬರೆದಿಡಬೇಕು. ಹಣೆ ಮುಟ್ಟಿ ನೋಡಿದ ಅಂದಾಜು ಸಾಲದು. ಮಾತ್ರೆ ನುಂಗುವ ಮೊದಲು ಅಳೆಯಬೇಕು. ಏಕೆಂದರೆ ಮಾತ್ರೆ ಜ್ವರವನ್ನು ಮುಚ್ಚುತ್ತದೆಯೇ ಹೊರತು ಕೀವನ್ನು ಕರಗಿಸುವುದಿಲ್ಲ.

ವೈದ್ಯರು ಬೇರೆ ಅಂಕಿಯನ್ನು ಹೇಳಿರದಿದ್ದರೆ, ಮೊದಲ ಕೆಲವು ದಿನಗಳು ಕಳೆದ ಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ ಬಂದರೆ ಅದೇ ದಿನ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ನಡುಕದೊಡನೆ ಬಂದ ಜ್ವರ, ಕಣ್ಣು ಹಳದಿಯಾಗುವುದು, ಹೊಟ್ಟೆ ಉಬ್ಬಿ ಬಿಗಿಯುವುದು, ಉಸಿರಾಟ ವೇಗವಾಗುವುದು, ಮೂತ್ರ ಕಡಿಮೆಯಾಗುವುದು, ಹಗಲಿನಲ್ಲಿ ತೂಕಡಿಕೆ ಅಥವಾ ತೊದಲು ಮಾತು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವುದನ್ನು ಕಾಯಕೂಡದು. ದೇಹೂ ರೋಡಿನಿಂದ ಪುಣೆ ನಗರಕ್ಕೆ ಸುಮಾರು 25 ಕಿಲೋಮೀಟರು. ರಾತ್ರಿ ಲೋಕಲ್ ಗಾಡಿಯ ವೇಳೆ ಮುಗಿದಿರುತ್ತದೆ. 108ಕ್ಕೆ ಕರೆ ಮಾಡಿ ಆಂಬುಲೆನ್ಸನ್ನು ಕರೆಸಬಹುದು. ಚಿಕಿತ್ಸೆ ನೀಡಿದ ಆಸ್ಪತ್ರೆ ದೂರವಿದ್ದರೆ ಪಿಂಪರಿಯ ಯಶವಂತರಾವ್ ಚವ್ಹಾಣ್ ಸ್ಮಾರಕ ಆಸ್ಪತ್ರೆಯಂಥ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಮೊದಲು ಹೋಗುವುದೇ ಜಾಣತನ.

ಭಾಷೆಯ ತೊಡಕು

ಪರಭಾಷಾ ಪ್ರಾಂತದಲ್ಲಿ ರೋಗದ ವರ್ಣನೆಯೂ ಒಂದು ಸಮಸ್ಯೆ. ‘ತಾಪ’ ಎಂದರೆ ಕನ್ನಡಿಗನಿಗೆ ಬಿಸಿಲಿನ ಬೇಗೆ ಅಥವಾ ಮನಸ್ಸಿನ ಬೇಗುದಿ. ಮರಾಠಿಯಲ್ಲಿ ‘ತಾಪ್’ ಎಂದರೆ ಜ್ವರವೇ. ‘ಥಂಡಿಯಾಗಿದೆ’ ಎಂದು ಉತ್ತರ ಕರ್ನಾಟಕದ ಅಜ್ಜಿ ಹೇಳಿದರೆ ನೆಗಡಿಯೆಂದು ತಿಳಿದು ಸುಮ್ಮನಾಗುವ ಸಂಭವವಿದೆ. ನಡುಕ ಬಂದು ಜ್ವರವೇರಿದ್ದನ್ನು ಮರಾಠಿಯಲ್ಲಿ ‘ಥಂಡಿ ವಾಜೂನ್ ತಾಪ್ ಯೇತೋ’ ಎನ್ನಬೇಕು. ಕಾಮಾಲೆಗೆ ‘ಕಾವೀಳ’ ಎನ್ನುತ್ತಾರೆ. ಈ ಎರಡು ಮಾತುಗಳು ಮನೆಯ ಪ್ರತಿಯೊಬ್ಬರ ಬಾಯಲ್ಲಿರಬೇಕು. ಅದರೊಡನೆ ‘ಯಕೃತ್ತಿನ ಗಡ್ಡೆಗೆ ಇಂಥ ತಾರೀಖಿನಂದು ಇಂಥ ಚಿಕಿತ್ಸೆಯಾಗಿದೆ’ ಎಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಜ್ವರವೆಂದು ಬಂದವರನ್ನು ಡೆಂಗೀ, ಮಲೇರಿಯಾಗಳ ಸಾಲಿಗೆ ಸೇರಿಸಿ ಮನೆಗೆ ಕಳುಹಿಸುವುದು ಸಹಜ.

ಮನೆಯ ಆರೈಕೆ

ಸೂಜಿ ಚುಚ್ಚಿದ ಜಾಗವನ್ನು ಶುಚಿಯಾಗಿ, ಒಣದಾಗಿ ಇಡಬೇಕು. ಅರಿಶಿನ, ಎಣ್ಣೆ, ವಿಭೂತಿ ಯಾವುದನ್ನೂ ಅಲ್ಲಿಗೆ ಹಚ್ಚಬಾರದು. ಕೆಂಪಾಗುವುದು, ಊದಿಕೊಳ್ಳುವುದು, ಒಸರುವುದು ಕಂಡರೆ ತೋರಿಸಬೇಕು. ಮುಟ್ಟುವವರು ಕೈಯನ್ನು ಸಾಬೂನಿನಿಂದ ತೊಳೆದಿರಬೇಕು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯನು ಕೈ ತೊಳೆಯುವ ನಿಯಮದಿಂದಲೇ ಬಾಣಂತಿಯರ ಸಾವನ್ನು ತಗ್ಗಿಸಿದನು. ಆ ಪಾಠ ಇಂದಿಗೂ ಹಳತಾಗಿಲ್ಲ.

ನೋವಿಗೂ ಜ್ವರಕ್ಕೂ ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಯಕೃತ್ತು ಕುಗ್ಗಿದವರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರಾಮನ್ನು ಮೀರಬಾರದೆಂಬ ಸಲಹೆಯಿದೆ. ಡೈಕ್ಲೋಫೆನ್ಯಾಕ್, ಐಬುಪ್ರೋಫೆನ್ ಮುಂತಾದ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ಅವು ಮೂತ್ರಪಿಂಡವನ್ನು ಕೆಡಿಸಬಲ್ಲವು, ರಕ್ತಸ್ರಾವವನ್ನುಂಟುಮಾಡಬಲ್ಲವು. ಹಾಗೆಯೇ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ಎರಡು ದಿನ ನುಂಗಿ ನೋಡುವ ಅಭ್ಯಾಸ ಅಪಾಯಕರ. ಅದರಿಂದ ಕೀವು ಹೋಗುವುದಿಲ್ಲ. ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣುವಿನ ಗುರುತು ಮಾತ್ರ ಅಳಿಸಿಹೋಗುತ್ತದೆ.

ಕಾಮಾಲೆಗೆ ಸೊಪ್ಪಿನ ಮದ್ದು ಕುಡಿಯುವ ವಾಡಿಕೆ ಕನ್ನಡ ನಾಡಿನಲ್ಲಿ ಹಳೆಯದು. ಪ್ರೀತಿಯಿಂದ ಊರಿನಿಂದ ಕಳುಹಿಸಿಕೊಟ್ಟ ಕಷಾಯವನ್ನು ಬೇಡವೆನ್ನುವುದು ಕಷ್ಟ. ಆದರೂ ಈ ಅವಧಿಯಲ್ಲಿ ವೈದ್ಯರನ್ನು ಕೇಳದೆ ಏನನ್ನೂ ಕುಡಿಯಬಾರದು. ಅಮೃತಬಳ್ಳಿಯನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಈ ತೀರ್ಮಾನವನ್ನು ಒಪ್ಪಲಿಲ್ಲ. ವಾದ ಹೇಗೇ ಇರಲಿ, ಅರ್ಧ ಸುಟ್ಟ ಯಕೃತ್ತಿನ ಮೇಲೆ ಪರೀಕ್ಷೆ ನಡೆಸುವುದು ತರವಲ್ಲ.

ನೀರನ್ನು ಕುದಿಸಿ ಆರಿಸಿ ಕುಡಿಯಬೇಕು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಪ್ರದೇಶದಲ್ಲಿ ಗಿಯಾನ್–ಬಾರೆ ಎಂಬ ನರರೋಗ ಹಲವರನ್ನು ಹಾಸಿಗೆಗೆ ತಳ್ಳಿದಾಗ ಅನುಮಾನದ ಬೆರಳು ಕಲುಷಿತ ನೀರಿನತ್ತ ತಿರುಗಿದುದನ್ನು ಇಲ್ಲಿಯವರು ಮರೆತಿರಲಾರರು. ನೀರಿನಿಂದ ಹರಡುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಕಾಮಾಲೆಗಳು ಗಟ್ಟಿಮುಟ್ಟಾದವರಲ್ಲಿ ಬಂದು ಹೋಗುತ್ತವೆ. ಯಕೃತ್ತು ಮೊದಲೇ ಗಂಟುಗಟ್ಟಿದವರಲ್ಲಿ ಪ್ರಾಣಕ್ಕೇ ಎರವಾಗಬಲ್ಲವು. ಬೀದಿಯಲ್ಲಿ ಕೊಯ್ದಿಟ್ಟ ಹಣ್ಣು, ಹಸಿ ಚಟ್ನಿ, ಕಾಯಿಸದ ಹಾಲು, ಅರೆಬೆಂದ ಮೀನು–ಮರುವಾಯಿ ಇವುಗಳಿಂದ ದೂರವಿರಬೇಕು. ಅನ್ನ, ಬೇಳೆ, ಮೊಟ್ಟೆ, ಕೆನೆ ತೆಗೆದ ಹಾಲಿನ ಮಜ್ಜಿಗೆ ಹೊಟ್ಟೆ ತುಂಬ ಇರಲಿ. ಪಥ್ಯದ ಹೆಸರಿನಲ್ಲಿ ಗಂಜಿಯ ಮೇಲೆ ಇಟ್ಟರೆ ರೋಗಿ ಸೊರಗಿ, ನಂಜನ್ನು ಎದುರಿಸುವ ಶಕ್ತಿಯೇ ಕುಂದುತ್ತದೆ.

ಊರಿಗೆ ಹೋದಾಗ

ಚಿಕಿತ್ಸೆ ಮುಗಿಯಿತೆಂದು ಹರಕೆ ತೀರಿಸಲು ಊರಿಗೆ ಹೊರಡುವವರುಂಟು. ಮೊದಲ ನಾಲ್ಕು ವಾರ ಪ್ರಯಾಣವನ್ನು ಮುಂದೂಡುವುದು ಮೇಲು. ಅದೇ ಬಾವು ಕಾಣಿಸಿಕೊಳ್ಳುವ ಕಾಲ. ಕರಾವಳಿಯವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಮಳೆಗಾಲದ ಕೆಸರಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ರೋಗದ ಅಣುಜೀವಿಗಳಿವೆ. ಮಣಿಪಾಲದ ವೈದ್ಯರು ಈ ರೋಗವನ್ನು ವರ್ಷಗಳಿಂದ ಗುರುತಿಸುತ್ತ ಬಂದಿದ್ದಾರೆ. ಮಧುಮೇಹಿಗಳನ್ನು ಇದು ವಿಶೇಷವಾಗಿ ಹಿಡಿಯುತ್ತದೆ. ಯಕೃತ್ತಿನಲ್ಲಿ ಜೇನುಗೂಡಿನಂಥ ಕೀವುಬಾವನ್ನು ಉಂಟುಮಾಡುತ್ತದೆ. ಆದ್ದರಿಂದ ಯಕೃತ್ತಿನ ಚಿಕಿತ್ಸೆಯಾದವರು ಬರಿಗಾಲಿನಲ್ಲಿ ಗದ್ದೆಗಿಳಿಯಬಾರದು. ಊರಿನಿಂದ ಮರಳಿದ ಮೇಲೆ ಜ್ವರ ಬಂದರೆ ‘ಮಳೆಗಾಲದಲ್ಲಿ ಕರಾವಳಿಗೆ ಹೋಗಿದ್ದೆ’ ಎಂದು ಪುಣೆಯ ವೈದ್ಯರಿಗೆ ತಿಳಿಸಬೇಕು.

ನಂಜಾದರೆ ದಾರಿಯಿದೆ

ಕೀವುಬಾವು ಆಯಿತೆಂದರೆ ಎಲ್ಲವೂ ಮುಗಿಯಿತೆಂದಲ್ಲ. ರಕ್ತಪರೀಕ್ಷೆ, ಕಲ್ಚರ್, ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಚಿತ್ರದಿಂದ ಅದನ್ನು ಪತ್ತೆಹಚ್ಚುತ್ತಾರೆ. ಚರ್ಮದ ಮೂಲಕ ಸಣ್ಣ ನಳಿಕೆಯನ್ನಿರಿಸಿ ಕೀವನ್ನು ಹೊರಗೆ ಹರಿಸುತ್ತಾರೆ; ಆ ಕೀವಿನಲ್ಲಿ ಬೆಳೆದ ರೋಗಾಣುವಿಗೆ ತಕ್ಕ ಔಷಧವನ್ನು ಕೆಲವು ವಾರಗಳವರೆಗೆ ಕೊಡುತ್ತಾರೆ. ಬೇಗ ಬಂದವರಲ್ಲಿ ಬಹುಮಂದಿ ಗುಣಹೊಂದುತ್ತಾರೆ. ತಡವಾಗಿ ಬಂದವರಲ್ಲಿ ನಂಜು ರಕ್ತಕ್ಕೇರಿರುತ್ತದೆ. ಮುಂದಿನ ಅರ್ಬುದ ಚಿಕಿತ್ಸೆಯೂ ನಿಂತುಹೋಗುತ್ತದೆ. ನಳಿಕೆಯೊಡನೆ ಮನೆಗೆ ಬಂದವರು ಚೀಲವನ್ನು ಹೊಟ್ಟೆಯ ಮಟ್ಟಕ್ಕಿಂತ ಕೆಳಗಿಟ್ಟು, ದಿನದ ಅಳತೆಯನ್ನು ಬರೆದಿಡಬೇಕು. ಜ್ವರ ಬಿಟ್ಟಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು.

ಹೆಪಟೈಟಿಸ್ ‘ಬಿ’ ವಿಷಾಣುವಿನಿಂದ ಅರ್ಬುದ ಬಂದವರಿಗೆ ಇನ್ನೊಂದು ಎಚ್ಚರಿಕೆ. ಚಿಕಿತ್ಸೆಯ ಒತ್ತಡದಲ್ಲಿ ಮಲಗಿದ್ದ ವಿಷಾಣು ಮತ್ತೆ ಎದ್ದು ಯಕೃತ್ತನ್ನು ಕೆಡಿಸಬಹುದು. ದಿನಕ್ಕೊಂದು ನುಂಗುವ ಟೆನೋಫೋವಿರ್ ಅಥವಾ ಎಂಟೆಕವಿರ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಹೆಂಡತಿ ಮಕ್ಕಳ ರಕ್ತಪರೀಕ್ಷೆ ಮಾಡಿಸಿ, ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಬೇಕು. ದೇಶದ ಎಲ್ಲೆಡೆ ಕೂಸುಗಳಿಗೆ ಈ ಲಸಿಕೆ 2011ರ ಸುಮಾರಿಗೆ ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಸೇರಿತು. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಅನೇಕರಿಗೆ ಅದು ದೊರೆತಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಬಿಲ್ಲು, ಬಿಲ್ಲೆ, ರಿಕ್ಷಾಗಳ ಗಡಿಬಿಡಿಯಲ್ಲಿ ಮುಖ್ಯ ಮಾತುಗಳು ಮರೆತುಹೋಗುತ್ತವೆ. ಹೊರಡುವ ಮೊದಲು ನಾಲ್ಕು ಸಂಗತಿಗಳನ್ನು ಕೇಳಿ ಬರೆದುಕೊಳ್ಳಬೇಕು: ಆದ ಚಿಕಿತ್ಸೆಯ ಹೆಸರು ಮತ್ತು ದಿನಾಂಕ, ಎಷ್ಟು ಡಿಗ್ರಿ ಜ್ವರಕ್ಕೆ ಮರಳಿ ಬರಬೇಕು, ರಾತ್ರಿ ಯಾವ ನಂಬರಿಗೆ ಫೋನು ಮಾಡಬೇಕು, ಮುಂದಿನ ಸ್ಕ್ಯಾನು ಯಾವಾಗ. ಆ ಚೀಟಿಯನ್ನು ಕಪಾಟಿನೊಳಗೆ ಭದ್ರಪಡಿಸದೆ, ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುವುದು ಒಳಿತು. ರೋಗಿಯ ಮಗ ರಾತ್ರಿ ಪಾಳಿಯಲ್ಲಿದ್ದರೂ, ಸೊಸೆ ಊರಿಗೆ ಹೋಗಿದ್ದರೂ, ನೆರೆಮನೆಯವರು ಅದನ್ನು ಓದಿ ತಕ್ಕುದನ್ನು ಮಾಡಬಲ್ಲರು.